ಮಂಚದಡಿಯ ಮುನ್ನಿ: ಹೆದರಿದ ಬೆಕ್ಕನ್ನು ಮನೆಗೆ ಕರೆತರುವ ಮುನ್ನ

ನಮ್ಮ ಮನೆಗೆ ಬರುವ ಅತಿಥಿಗಳಿಗೆ ಈಗಲೂ ಒಂದು ಸಂಶಯ ಉಂಟು. 'ಉಸ್ತಾದರೇ, ನಿಮ್ಮ ಮನೆಯಲ್ಲಿ ಬೆಕ್ಕು ಉಂಟು ಅಂತೀರಲ್ಲ, ಎಲ್ಲಿದೆ?' ಎಂದು ಕೇಳುತ್ತಾರೆ. ನಾನು ಮಂಚದ ಕಡೆ ಕೈ ತೋರಿಸುತ್ತೇನೆ. ಬಗ್ಗಿ ನೋಡಿದರೆ ಕತ್ತಲಲ್ಲಿ ಎರಡು ಕಣ್ಣು ಮಾತ್ರ ಕಾಣುತ್ತದೆ. 'ಇದನ್ನು ಸಾಕಿ ಏನು ಲಾಭ ಮಾರಾಯ್ರೆ, ಮುಟ್ಟಲಿಕ್ಕೂ ಸಿಗುವುದಿಲ್ಲ' ಎಂದು ನಗುತ್ತಾರೆ. ಆ ಪ್ರಶ್ನೆಗೆ ಉತ್ತರ ಬರೆಯಬೇಕೆಂದು ಬಹಳ ದಿನದಿಂದ ಇತ್ತು. ಇವತ್ತು ಬರೆಯುತ್ತಿದ್ದೇನೆ.

ನಾನು ಬಂಟ್ವಾಳ ಕಡೆಯವನು. ರಾಯಚೂರು ನಗರದ ಒಂದು ಮದ್ರಸದಲ್ಲಿ ಪಾಠ ಹೇಳಲು ಬಂದು ಒಂಬತ್ತು ವರ್ಷ ಆಯಿತು. ಊರಲ್ಲಿ 'ಉಸ್ತಾದ್' ಆಗಿದ್ದವನು ಇಲ್ಲಿ 'ಹಜರತ್' ಆದೆ. ಮಗಳ ಮದುವೆಯಾಗಿ ಅವಳು ಪುತ್ತೂರು ಕಡೆ ಹೋದಳು. ಮಗ ಊರಿನಲ್ಲೇ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಾನೆ. ಇಲ್ಲಿ ನಾವು ಇಬ್ಬರೇ. ನಾನು ಸುಬ್‌ಹಿಗೆ ಮನೆ ಬಿಟ್ಟರೆ ಬರುವುದು ಮಧ್ಯಾಹ್ನ, ಮತ್ತೆ ಅಸರಿಗೆ ಹೋದರೆ ಇಶಾ ಕಳೆದು ಬರುವುದು. ಮನೆಯವಳಿಗೆ ಇಲ್ಲಿನ ದಖನಿ ಮಾತು ಅರ್ಧ ಅರ್ಥ ಆಗುತ್ತದೆ, ಅರ್ಧ ಆಗುವುದಿಲ್ಲ. ಮಗಳು ಹೋದ ಮೇಲೆ ನಮ್ಮ ಮನೆಯಲ್ಲಿ ಗೋಡೆ ಗಡಿಯಾರದ ಶಬ್ದ ಕೇಳಲು ಶುರುವಾಯಿತು. ಹಿಂದೆಯೂ ಅದು ಶಬ್ದ ಮಾಡುತ್ತಿತ್ತು, ನಮಗೆ ಕೇಳುತ್ತಿರಲಿಲ್ಲ ಅಷ್ಟೆ.

ದೇವದುರ್ಗದ ಬಾಗಿಲು, ಮಾನ್ವಿಯ ಅಟ್ಟ

ನಮ್ಮ ಮದ್ರಸದಲ್ಲಿ ದೇವದುರ್ಗದ ಒಬ್ಬ ಹುಡುಗ ಓದುತ್ತಾನೆ. ಅವನ ಮನೆಯ ಪಕ್ಕದಲ್ಲಿ ಒಬ್ಬರು ವಯಸ್ಸಾದ ಹೆಂಗಸು ಒಂಟಿಯಾಗಿ ಇದ್ದರು. ಬೀದಿಯವರೆಲ್ಲ ಅವರನ್ನು ಖಾಲಾ ಎಂದೇ ಕರೆಯುವುದು. ಅವರ ಜೊತೆಗಾರ್ತಿ ಒಂದು ಕಪ್ಪು ಬಿಳಿ ಹೆಣ್ಣು ಬೆಕ್ಕು. ಹೆಸರು ಮುನ್ನಿ. ಹುಡುಗನ ಮನೆಗೆ ಹೋದಾಗ ಎರಡು ಸಲ ಆ ಖಾಲಾ ನನಗೆ ಚಹಾ ಕಳಿಸಿದ್ದರು. ಆಗ ಬೆಕ್ಕು ಅವರ ಸೀರೆಯ ಹಿಂದೆ ನಿಂತು ನನ್ನನ್ನು ನೋಡಿ, ನಾನು ಮಾತಾಡಿದ ಕೂಡಲೇ ಒಳಗೆ ಓಡಿತ್ತು. 'ಇದು ನನ್ನ ಬಿಟ್ಟು ಯಾರ ಹತ್ತಿರವೂ ಹೋಗುವುದಿಲ್ಲ' ಎಂದು ಅವರು ಹೆಮ್ಮೆಯಿಂದ ಹೇಳಿದ್ದರು.

ರಮಳಾನ್ ಕಳೆದು ಸ್ವಲ್ಪ ದಿನದಲ್ಲಿ ಖಾಲಾ ತೀರಿಹೋದರು. ದೂರದಿಂದ ಬಂದ ಮಗ ಮಾಡಬೇಕಾದ್ದೆಲ್ಲ ಮಾಡಿ, ಮನೆಗೆ ಬೀಗ ಹಾಕಿ ಹೊರಟರು. ಅವರದ್ದೂ ತಪ್ಪಲ್ಲ, ಬಾಡಿಗೆ ಮನೆಯಲ್ಲಿ ಇರುವವರು. ಬೆಕ್ಕು ಮಾತ್ರ ಬೀಗ ಹಾಕಿದ ಬಾಗಿಲ ಮುಂದೆ ಕೂತಿತು. ಹುಡುಗ ಫೋನ್ ಮಾಡಿ, 'ಹಜರತ್, ಆ ಬೆಕ್ಕು ಬಾಗಿಲ ಬಿಟ್ಟು ಏಳವಲ್ದು ನೋಡ್ರಿ' ಎಂದ. ಅವನ ತಾಯಿ ರೊಟ್ಟಿ ಇಟ್ಟರೆ ಎಲ್ಲರೂ ಹೋದ ಮೇಲೆ ಎರಡು ತುಂಡು ತಿನ್ನುತ್ತಿತ್ತಂತೆ.

ಕೊನೆಗೆ ಮಾನ್ವಿಯಲ್ಲಿರುವ ಅವರ ಸಂಬಂಧಿಕರೊಬ್ಬರು ಕರುಣೆಯಿಂದ ಅದನ್ನು ಕೊಂಡುಹೋದರು. ಒಳ್ಳೆಯ ಜನ. ಆದರೆ ಆ ಮನೆಯಲ್ಲಿ ಏಳು ಮಕ್ಕಳು, ಮೇಲಾಗಿ ಮದುವೆಯ ತಯಾರಿ. ಮಕ್ಕಳು ಪ್ರೀತಿಯಿಂದಲೇ ಬೆಕ್ಕಿನ ಹಿಂದೆ ಓಡಿದರು. ಬೆಕ್ಕು ಅಟ್ಟ ಹತ್ತಿ ಬತ್ತದ ಚೀಲಗಳ ಹಿಂದೆ ಸೇರಿತು. ಕೆಳಗೆ ಇಳಿಯಲಿಲ್ಲ. ಅಲ್ಲೇ ಗಲೀಜು ಮಾಡಿತು. ಹತ್ತು ದಿನಕ್ಕೆ ಮನೆಯವರು ಸೋತರು. 'ನಮ್ಮಿಂದ ಆಗಂಗಿಲ್ರಿ. ನಾಳೆ ಚೀಲದಾಗ ಹಾಕಿ ಹೊಳಿ ದಂಡಿಗೆ ಬಿಟ್ಟು ಬರ್ತೀವಿ' ಎಂದು ಹುಡುಗನ ಮನೆಗೆ ಹೇಳಿ ಕಳಿಸಿದರು.

ಚೀಲ ಎಂಬ ಮಾತು ಕೇಳಿ ನನಗೆ ಹಳೆಯದೊಂದು ನೆನಪಾಯಿತು. ನಮ್ಮ ಊರಿನ ಓದುಗರಿಗೂ ಇದು ಹೊಸತಲ್ಲ. ಬೆಕ್ಕು ಕೋಳಿಮರಿ ಹಿಡಿದರೆ, ಹಾಲಿನ ಪಾತ್ರೆಗೆ ಬಾಯಿ ಹಾಕಿದರೆ, ಗೋಣಿಯಲ್ಲಿ ತುಂಬಿಸಿ ಮೀನು ಮಾರ್ಕೆಟಿನ ಹತ್ತಿರ ಬಿಟ್ಟು ಬರುವುದು ನಮ್ಮಲ್ಲಿ ವಾಡಿಕೆ. 'ಅಲ್ಲಿ ಮೀನು ಸಿಗುತ್ತದೆ, ಬದುಕಿಕೊಳ್ಳುತ್ತದೆ' ಎಂದು ಸಮಾಧಾನ ಹೇಳಿಕೊಳ್ಳುತ್ತೇವೆ. ಹನ್ನೊಂದು ವರ್ಷದವನಿದ್ದಾಗ ಆ ಗೋಣಿ ಹೊತ್ತವನು ನಾನೇ. ನಮ್ಮ ಮನೆಯಲ್ಲೇ ಬೆಳೆದ ದೊಡ್ಡ ಬೆಕ್ಕು ಅದು. ಗೋಣಿ ಬಿಚ್ಚಿದಾಗ ಅದು ಓಡಲಿಲ್ಲ, ನನ್ನ ಕಾಲಿನ ಹತ್ತಿರವೇ ನಿಂತಿತು. ಓಡಿದ್ದು ನಾನು. ನಾಲ್ಕು ದಿನ ಕಳೆದು ಹೋಗಿ ನೋಡಿದರೆ ಅದು ಅಲ್ಲಿ ಇರಲಿಲ್ಲ. ಮನೆಯಲ್ಲಿ ಬೆಳೆದ ಬೆಕ್ಕಿಗೆ ಮಾರ್ಕೆಟಿನ ನಾಯಿಗಳ ನಡುವೆ ಬದುಕಲು ಗೊತ್ತಿರುವುದಿಲ್ಲ ಎಂದು ನನಗೆ ತಿಳಿದದ್ದು ಬಹಳ ವರ್ಷ ಕಳೆದ ಮೇಲೆ.

ಮನೆಯವಳಿಗೆ ಮಾನ್ವಿಯ ವಿಷಯ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, 'ನಮ್ಮ ಮನೆಯಲ್ಲಿ ಶಬ್ದ ಇಲ್ಲವಲ್ಲ, ಇಲ್ಲಿಗೆ ತನ್ನಿ' ಎಂದಳು.

ಮಾಡಿದ ತಪ್ಪುಗಳು

ಶುಕ್ರವಾರ ಮದ್ರಸಕ್ಕೆ ರಜೆ. ಎರಡು ಟೊಮೆಟೊ ಕ್ರೇಟುಗಳನ್ನು ಒಂದರ ಮೇಲೊಂದು ಮಗುಚಿ ಹಗ್ಗ ಕಟ್ಟಿ, ಮೇಲೊಂದು ಬಟ್ಟೆ ಹೊದಿಸಿ ಮಾನ್ವಿಯಿಂದ ಬಸ್ಸಿನಲ್ಲಿ ತಂದೆ. ಸುಮಾರು 50 ಕಿಲೋಮೀಟರ್ ದಾರಿಯಲ್ಲಿ ಅದು ಒಂದು ಸಲವೂ ಕೂಗಲಿಲ್ಲ. 'ಎಷ್ಟು ಒಳ್ಳೆಯ ಬೆಕ್ಕು' ಎಂದು ನಾನು ಸಂತೋಷಪಟ್ಟೆ. ಅದು ಒಳ್ಳೆಯತನ ಅಲ್ಲ, ಭಯದಿಂದ ಮರಗಟ್ಟಿದ್ದು ಎಂದು ಆಮೇಲೆ ಪಶುವೈದ್ಯರು ಹೇಳಿದರು. ಭಯಗೊಂಡ ಬೆಕ್ಕುಗಳಲ್ಲಿ ಕೆಲವು ಪರಚುತ್ತವೆ, ಕೆಲವು ಕಲ್ಲಿನಂತೆ ಕೂತುಬಿಡುತ್ತವೆ. ಕೂತದ್ದಕ್ಕೆ ಭಯ ಕಡಿಮೆ ಎಂದಲ್ಲ.

ಮನೆಗೆ ಬಂದು ಕ್ರೇಟ್ ಬಿಚ್ಚಿದ್ದೇ ತಡ, ಮಂಚದ ಕೆಳಗೆ ಟ್ರಂಕಿನ ಹಿಂದೆ ಹೋಗಿ ಸೇರಿತು. ಮೊದಲ ದಿನ ಏನೂ ತಿನ್ನಲಿಲ್ಲ. ಎರಡನೇ ದಿನ ನನಗೆ ತಾಳ್ಮೆ ತಪ್ಪಿತು. ಕೈ ಹಾಕಿ ಹೊರಗೆ ಎಳೆದೆ. ಮೊಣಕೈವರೆಗೆ ಮೂರು ಗೀರು ಬಿತ್ತು, ರಕ್ತ ಬಂತು. ಸೋಪು ಹಾಕಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋದೆ. ಬೆಕ್ಕಿನಿಂದಲೂ ರೇಬಿಸ್ ಬರಬಹುದು, ನಾಯಿಯಿಂದ ಮಾತ್ರ ಎಂದು ತಿಳಿಯುವುದು ತಪ್ಪು. ಚುಚ್ಚುಮದ್ದು ಆ ದಿನ, ಮತ್ತೆ ಮೂರನೇ ದಿನ, ಏಳನೇ ದಿನ, 28ನೇ ದಿನ. ರಕ್ತ ಬಂದ ಗಾಯಕ್ಕೆ ಅದರ ಜೊತೆ ಬೇರೆ ಮದ್ದನ್ನೂ ವೈದ್ಯರು ಕೊಡುತ್ತಾರೆ. ಒಂದು ಡೋಸನ್ನೂ ತಪ್ಪಿಸಬಾರದು. ಸುಣ್ಣ, ಅರಿಶಿನ, ಕಾಫಿಪುಡಿ ಹಚ್ಚಿ ಮನೆಯಲ್ಲೇ ಕೂರಬಾರದು.

ಚುಚ್ಚುಮದ್ದಿಗಿಂತ ದೊಡ್ಡ ನಷ್ಟ ಬೇರೆಯೇ ಇತ್ತು. ನನ್ನ ಚಪ್ಪಲಿಯ ಶಬ್ದ ಕೇಳಿದರೆ ಸಾಕು, ಅದು ಇನ್ನೂ ಒಳಗೆ ಸರಿಯತೊಡಗಿತು.

ಹೆದರಿದ ಬೆಕ್ಕಿಗೆ ಬೇಕಾದ್ದು ಏನು?

ಪಶುವೈದ್ಯರು ನನಗೆ ಹೇಳಿದ್ದನ್ನು, ಆಮೇಲೆ ನಾನು ಓದಿ ತಿಳಿದದ್ದನ್ನು, ಇಲ್ಲಿ ಒಟ್ಟಿಗೆ ಬರೆಯುತ್ತೇನೆ.

ಬೆಕ್ಕಿನ ಮರಿ ಹುಟ್ಟಿದ ಎರಡನೇ ವಾರದಿಂದ ಏಳನೇ ವಾರದೊಳಗೆ ಮನುಷ್ಯರ ಕೈ ಎಷ್ಟು ಕಂಡಿದೆಯೋ ಅಷ್ಟು ಅದಕ್ಕೆ ಜೀವನಪೂರ್ತಿ ಜನರ ಮೇಲೆ ಧೈರ್ಯ ಇರುತ್ತದೆ. ಆ ಕಾಲದಲ್ಲಿ ಒಬ್ಬರನ್ನೇ ಕಂಡ ಬೆಕ್ಕಿಗೆ ಆ ಒಬ್ಬರೇ ಲೋಕ. ಮುನ್ನಿಯ ಕತೆ ಹೆಚ್ಚು ಕಡಿಮೆ ಹೀಗೇ ಇರಬೇಕು. ದೊಡ್ಡದಾದ ಮೇಲೆ ಅದನ್ನು ಬೇರೆ ಬೆಕ್ಕಾಗಿ ಮಾಡಲು ಆಗುವುದಿಲ್ಲ. ಆದರೆ ಹೊಸಬರನ್ನು ನಂಬಲು ಅದು ಕಲಿಯುತ್ತದೆ. ಅದರ ಸಮಯದಲ್ಲಿ, ನಮ್ಮ ಸಮಯದಲ್ಲಿ ಅಲ್ಲ.

ಮೊದಲನೆಯದು, ಅಡಗುವ ಜಾಗ. ನೆದರ್‌ಲ್ಯಾಂಡ್ಸಿನ ಯುಟ್ರೆಕ್ಟ್ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಉಂಟು. ಆಶ್ರಯ ಕೇಂದ್ರಕ್ಕೆ ಹೊಸದಾಗಿ ಬಂದ 19 ಬೆಕ್ಕುಗಳಲ್ಲಿ ಕೆಲವಕ್ಕೆ ಅಡಗಲು ಪೆಟ್ಟಿಗೆ ಕೊಟ್ಟರು, ಉಳಿದವಕ್ಕೆ ಕೊಡಲಿಲ್ಲ. ಪೆಟ್ಟಿಗೆ ಸಿಕ್ಕವು ಬೇಗ ಸುಧಾರಿಸಿಕೊಂಡವು. ಅಂದರೆ ಬೆಕ್ಕು ಅಡಗುವುದು ನಮ್ಮ ಮೇಲಿನ ಸಿಟ್ಟಿನಿಂದ ಅಲ್ಲ, ಅದು ಅದರ ಮದ್ದು. ನಾವು ಮಂಚದ ಕೆಳಗೆ ಒಂದು ರಟ್ಟಿನ ಪೆಟ್ಟಿಗೆ ಇಟ್ಟೆವು. ಎರಡು ಕಡೆ ಬಾಯಿ ಕೊಯ್ದೆವು, ಒಂದು ಕಡೆ ಯಾರಾದರೂ ಬಂದರೆ ಇನ್ನೊಂದು ಕಡೆಯಿಂದ ಹೋಗಲಿ ಎಂದು.

ಎರಡನೆಯದು, ಒಂದೇ ಕೋಣೆ. ಇಡೀ ಮನೆ ಒಮ್ಮೆಲೇ ತೋರಿಸಿದರೆ ಗಾಬರಿಯಾಗುತ್ತದೆ. ಆ ಕೋಣೆಯ ಒಂದು ಮೂಲೆಯಲ್ಲಿ ತಿಂಡಿ, ಸ್ವಲ್ಪ ದೂರದಲ್ಲಿ ನೀರು, ಎದುರು ಮೂಲೆಯಲ್ಲಿ ಅಗಲ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಜರಡಿ ಹಿಡಿದ ಮರಳು. ತಿನ್ನುವ ಜಾಗದ ಹತ್ತಿರ ಮರಳು ಇಟ್ಟರೆ ಬೆಕ್ಕು ಅದನ್ನು ಬಳಸುವುದಿಲ್ಲ. ಅಟ್ಟದಲ್ಲಿ ಗಲೀಜು ಮಾಡಿದ ಬೆಕ್ಕು ನಮ್ಮಲ್ಲಿ ಒಂದು ದಿನವೂ ಹೊರಗೆ ಮಾಡಲಿಲ್ಲ. ಅಟ್ಟದಲ್ಲಿ ಅದಕ್ಕೆ ಯಾರೂ ಮರಳು ಇಟ್ಟಿರಲಿಲ್ಲ ಅಷ್ಟೆ.

ಮೂರನೆಯದು, ಕಿಟಕಿ ಬಾಗಿಲು ಭದ್ರ. ಹೊಸ ಮನೆಗೆ ಬಂದ ದೊಡ್ಡ ಬೆಕ್ಕು ಹಳೆಯ ಮನೆಗೆ ಹೋಗಲು ನೋಡುತ್ತದೆ. ಮೂರು ನಾಲ್ಕು ವಾರವಾದರೂ ಹೊರಗೆ ಬಿಡಬಾರದು. ನಾವು ಕಿಟಕಿಗೆ ಸೊಳ್ಳೆ ಪರದೆಯ ಮೇಲೆ ಗಟ್ಟಿ ಜಾಲರಿ ಹಾಕಿಸಿದೆವು.

ನಾಲ್ಕನೆಯದು, ಕಣ್ಣು. ಎದುರಿನಿಂದ ದಿಟ್ಟಿಸಿ ನೋಡುವುದು ಬೆಕ್ಕಿಗೆ ಜಗಳದ ಕರೆ. ಪಕ್ಕಕ್ಕೆ ತಿರುಗಿ ನೆಲದಲ್ಲಿ ಕೂತು, ನಿಧಾನವಾಗಿ ಕಣ್ಣು ಮುಚ್ಚಿ ತೆರೆಯಬೇಕು. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದಾರೆ. ಹೀಗೆ ಕಣ್ಣು ಮಿಟುಕಿಸಿದವರಿಗೆ ಬೆಕ್ಕುಗಳೂ ಕಣ್ಣು ಮಿಟುಕಿಸಿದವು, ಅಪರಿಚಿತರ ಹತ್ತಿರವೂ ಹೆಚ್ಚು ಬಂದವು.

ಐದನೆಯದು, ಹೊತ್ತು. ದಿನಾ ಒಂದೇ ಹೊತ್ತಿಗೆ ತಿಂಡಿ, ಒಂದೇ ಹೊತ್ತಿಗೆ ಕಸ ಗುಡಿಸುವುದು. ನಾಳೆ ಏನಾಗುತ್ತದೆ ಎಂದು ಮೊದಲೇ ತಿಳಿದಿದ್ದರೆ ಹೆದರಿಕೆ ಇಳಿಯುತ್ತದೆ. ಬೆಕ್ಕು ಸಾಕುವವರಲ್ಲಿ ಮೂರು ದಿನ, ಮೂರು ವಾರ, ಮೂರು ತಿಂಗಳು ಎಂಬ ಒಂದು ಲೆಕ್ಕ ಉಂಟು. ಮೂರು ದಿನ ಭಯ ಇಳಿಯಲು, ಮೂರು ವಾರ ಮನೆಯ ಕ್ರಮ ತಿಳಿಯಲು, ಮೂರು ತಿಂಗಳು ಇದು ನನ್ನ ಮನೆ ಎಂದು ಅನಿಸಲು. ನಾಚಿಕೆ ಸ್ವಭಾವದ ಬೆಕ್ಕಿಗೆ ಇದಕ್ಕಿಂತ ಹೆಚ್ಚೂ ಬೇಕಾಗಬಹುದು.

ಬೂತಾಯಿ ಇಲ್ಲದ ಊರಿನಲ್ಲಿ

ಮೂರನೇ ದಿನಕ್ಕೂ ತಟ್ಟೆ ಹಾಗೇ ಇದ್ದಾಗ ಹೆದರಿಕೆಯಾಯಿತು. ಬೆಕ್ಕು ಎರಡು ಮೂರು ದಿನಕ್ಕಿಂತ ಹೆಚ್ಚು ಉಪವಾಸ ಇದ್ದರೆ ಅದರ ಪಿತ್ತಜನಕಾಂಗ, ಅಂದರೆ ಲಿವರಿನಲ್ಲಿ, ಕೊಬ್ಬು ತುಂಬಿ ಜೀವಕ್ಕೇ ಅಪಾಯ. 'ಹಸಿವಾದರೆ ತಾನೇ ತಿನ್ನುತ್ತದೆ' ಎಂದು ಕಾಯುವುದು ನಾಯಿಗೆ ಸರಿಯಾಗಬಹುದು, ಬೆಕ್ಕಿಗೆ ಅಲ್ಲ.

ಮನೆಯವಳು ಮೀನು ಬೇಕೆಂದಳು. ನಮ್ಮ ಬೂತಾಯಿ, ಬಂಗುಡೆ ಇಲ್ಲಿ ಎಲ್ಲಿಂದ? ಅವಳೇ ಎಷ್ಟೋ ದಿನದಿಂದ ಬೂತಾಯಿಗೆ ಆಸೆಪಡುತ್ತಿದ್ದಳು. ಹೊಳೆಮೀನು ತಂದೆ. ಉಪ್ಪು, ಖಾರ ಏನೂ ಇಲ್ಲದೆ ಬೇಯಿಸಿ, ಮುಳ್ಳು ಬಿಡಿಸಿ, ಬೆಚ್ಚಗಿರುವಾಗಲೇ ಇಟ್ಟು ಬಾಗಿಲು ಎಳೆದುಕೊಂಡೆವು. ತಹಜ್ಜುದಿಗೆ ಎದ್ದಾಗ ಒಳಗೆ ತಟ್ಟೆ ಕಲ್ಲಿನ ಮೇಲೆ ಜರುಗುವ ಸಣ್ಣ ಶಬ್ದ. ನಾವಿಬ್ಬರೂ ಕತ್ತಲಲ್ಲಿ ಉಸಿರು ಹಿಡಿದು ನಿಂತೆವು. ಮಗಳು ಹುಟ್ಟಿದ ರಾತ್ರಿಯ ಬಳಿಕ ನಾವು ಹಾಗೆ ಒಟ್ಟಿಗೆ ಕಿವಿಗೊಟ್ಟು ನಿಂತದ್ದು ಅದೇ ಮೊದಲು.

ನಮ್ಮ ಅಡುಗೆಮನೆಗಳಿಗೆ ಕೆಲವು ಮಾತು. ಹಸಿಮೀನು ದಿನಾ ಕೊಡಬಾರದು, ಬೇಯಿಸಿ ಕೊಡಿ. ಮೀನು ಒಂದೇ ಸಾಲದು, ಬೇಯಿಸಿದ ಕೋಳಿ, ಕೋಳಿಯ ಗುಂಡಿಗೆ, ಸ್ವಲ್ಪ ಮೊಟ್ಟೆ ಇರಲಿ. ಬೆಕ್ಕಿಗೆ ಮಾಂಸ ಬೇಕೇ ಬೇಕು, ಬರೀ ಅನ್ನ, ಹಾಲು, ರೊಟ್ಟಿಯಲ್ಲಿ ಅದು ಬದುಕಬಹುದು, ಆರೋಗ್ಯ ಇರುವುದಿಲ್ಲ. ಬೇಯಿಸಿದ ಕೋಳಿ ಮೂಳೆ ಸೀಳಿ ಗಂಟಲಿಗೆ ಚುಚ್ಚುತ್ತದೆ, ಹಾಕಬೇಡಿ. ನೀರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತಕ್ಕೆ ವಿಷ. ಹಾಗಾಗಿ ಬಿರಿಯಾನಿ, ಸುಕ್ಕ, ಗಸಿಯ ಉಳಿಕೆ ಬೇಡ. ಹೆಚ್ಚಿನ ದೊಡ್ಡ ಬೆಕ್ಕುಗಳಿಗೆ ಹಾಲು ಜೀರ್ಣವಾಗುವುದಿಲ್ಲ, ಭೇದಿಯಾಗುತ್ತದೆ. ಶುದ್ಧ ನೀರೇ ಸಾಕು.

ಮನೆಯಲ್ಲೇ ಇರುವ ಇನ್ನು ಕೆಲವು ವಿಷಗಳು: ಜ್ವರಕ್ಕೆ ನಾವು ತಿನ್ನುವ ಪ್ಯಾರಾಸಿಟಮಾಲ್ ಒಂದು ಮಾತ್ರೆ ಬೆಕ್ಕನ್ನು ಕೊಲ್ಲಬಹುದು. ನೆಲ ಒರೆಸುವ ಫಿನಾಯಿಲ್ ಪಾದಕ್ಕೆ ಅಂಟಿ, ನೆಕ್ಕಿದಾಗ ಹೊಟ್ಟೆಗೆ ಹೋಗುತ್ತದೆ. ಬಟ್ಟೆಯ ನಡುವೆ ಇಡುವ ನುಸಿಗುಳಿಗೆ, ಇಲಿಪಾಷಾಣ, ನಾಯಿಯ ಉಣ್ಣೆಗೆ ಹಾಕುವ ಕೆಲವು ಮದ್ದು, ಇವು ಯಾವುದೂ ಬೆಕ್ಕಿನ ಹತ್ತಿರ ಬರಬಾರದು. ರಾಯಚೂರಿನ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದಾಗ ಎರಡು ಮೂರು ಕಡೆ ಮಣ್ಣಿನ ಬೋಗುಣಿಯಲ್ಲಿ ನೀರು ಬೇಕು. ನಮ್ಮ ಫರಸಿ ಕಲ್ಲಿನ ನೆಲಕ್ಕೆ ಮಧ್ಯಾಹ್ನ ಒಂದು ಬಕೆಟ್ ನೀರು ಹಾಕಿದರೆ ಅದೇ ಅದಕ್ಕೆ ಏಸಿ.

ಕೌದಿ ಬಂದ ದಿನ

ಹತ್ತು ದಿನ ಕಳೆದಿರಬೇಕು. ಬೆಕ್ಕು ರಾತ್ರಿ ತಿನ್ನುತ್ತಿತ್ತು, ಹಗಲು ಕಾಣುತ್ತಿರಲಿಲ್ಲ. ಊರಿಗೆ ಹೋಗಿ ಬಂದ ಹುಡುಗ ಒಂದು ಗಂಟು ತಂದ. ಖಾಲಾ ಹೊದೆಯುತ್ತಿದ್ದ ಹಳೆಯ ಕೌದಿ. ಅವರ ಮಗ ಬೀಗ ಹಾಕುವಾಗ ನೆರೆಮನೆಗೆ ಕೊಟ್ಟುಹೋಗಿದ್ದರಂತೆ. ತೊಳೆದಿರಲಿಲ್ಲ, ತೊಳೆಯದೆ ಇದ್ದದ್ದೇ ಒಳ್ಳೆಯದಾಯಿತು. ಬೆಕ್ಕು ಮನೆಯನ್ನು ಮೂಗಿನಿಂದ ಗುರುತಿಸುತ್ತದೆ. ಮಡಚಿ ಪೆಟ್ಟಿಗೆಯ ಹೊರಗೆ ಒಂದು ಗೇಣು ದೂರದಲ್ಲಿ ಹಾಕಿದೆವು.

ಬೆಳಿಗ್ಗೆ ನೋಡಿದರೆ ಮುನ್ನಿ ಕೌದಿಯ ಮೇಲಿತ್ತು. ನಮ್ಮನ್ನು ಕಂಡರೂ ಏಳಲಿಲ್ಲ. ಮುಖ ಮಾತ್ರ ಬಟ್ಟೆಯೊಳಗೆ ಹುದುಗಿಸಿತು. ಮನೆಯವಳು ಅಡುಗೆಮನೆಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ಅವತ್ತಿನಿಂದ ಅವಳೊಂದು ಕ್ರಮ ಹಿಡಿದಳು. ಮಧ್ಯಾಹ್ನ ಕೆಲಸ ಮುಗಿಸಿ ಆ ಕೋಣೆಯ ನೆಲದಲ್ಲಿ, ಬೆಕ್ಕಿಗೆ ಬೆನ್ನು ಹಾಕಿ ಕೂತು ಅಕ್ಕಿ ಆರಿಸುವುದು, ಇಲ್ಲವೇ ಮೆಲ್ಲನೆ ಓದುವುದು. ಕರೆಯುವುದಿಲ್ಲ, ಕೈ ಚಾಚುವುದಿಲ್ಲ. ಮೊದಮೊದಲು ಅವಳು ಬ್ಯಾರಿಯಲ್ಲಿ ಮಾತಾಡುತ್ತಿದ್ದಳು. ಒಂದು ದಿನ ಆ ಹುಡುಗ ಬಂದವನು ಬಾಗಿಲಲ್ಲೇ ನಿಂತು 'ಆಜಾ ಮುನ್ನಿ' ಎಂದಾಗ ಬೆಕ್ಕಿನ ಕಿವಿ ನೆಟ್ಟಗಾಯಿತು. ಅದಕ್ಕೆ ಗೊತ್ತಿದ್ದದ್ದು ದಖನಿ! ಆರು ವರ್ಷದಿಂದ ನಾನು ಹೇಳಿದರೂ ದಖನಿ ಕಲಿಯದವಳು ಆ ಬೆಕ್ಕಿಗೋಸ್ಕರ ಪಕ್ಕದ ಮನೆಯ ಆಪಾ ಹತ್ತಿರ ಹೋಗಿ ನಾಲ್ಕು ಮಾತು ಕೇಳಿ ಬಂದಳು. ಈಗ ಆ ಆಪಾ ದಿನಾ ಸಂಜೆ ನಮ್ಮ ಮನೆಗೆ ಬರುತ್ತಾರೆ. ಬೆಕ್ಕು ಅವರಿಗೆ ಕಾಣುವುದಿಲ್ಲ. ಅವರು ಬರುವುದನ್ನು ಬಿಟ್ಟೂ ಇಲ್ಲ.

ಸುಮಾರು ನಲ್ವತ್ತನೇ ದಿನ ಮುನ್ನಿ ಅವಳ ಸೀರೆಯ ಸೆರಗನ್ನು ಮೂಸಿತು. ಮೂರು ತಿಂಗಳಾದ ಮೇಲೆ ಒಂದು ದಿನ ಮಗಳ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದವಳ ಮೊಣಕಾಲಿಗೆ ಒರಗಿ ಮಲಗಿತು. ಅವಳು ಮಾತು ನಿಲ್ಲಿಸಿದಳು. ಆ ಕಡೆಯಿಂದ ಮಗಳು 'ಉಮ್ಮ, ಉಮ್ಮ, ಏನಾಯ್ತು?' ಎಂದು ಕೂಗುತ್ತಿದ್ದಳು. ನನ್ನ ಹತ್ತಿರ ಬರಲು ಅದಕ್ಕೆ ಇನ್ನೂ ಐದು ತಿಂಗಳು ಬೇಕಾಯಿತು. ಕೈ ಹಾಕಿ ಎಳೆದವನು ನಾನಲ್ಲವೇ.

ಉಲೂವಿನ ನೀರು, ಬಟ್ಟೆಯ ಕೂದಲು

ನಮ್ಮ ಮನೆಗಳಲ್ಲಿ ಬೆಕ್ಕು ಎಂದಾಗ ಮೊದಲು ಬರುವ ಪ್ರಶ್ನೆ ಶುದ್ಧಿಯದ್ದು. ಅಬೂ ಖತಾದ ಎಂಬ ಸಹಾಬಿಯವರಿಗೆ ಅವರ ಸೊಸೆ ಕಬ್ಶ ಉಲೂವಿಗೆ ನೀರು ಇಟ್ಟಾಗ ಬೆಕ್ಕೊಂದು ಕುಡಿಯಲು ಬಂತು. ಅವರು ಪಾತ್ರೆಯನ್ನೇ ಅದರ ಕಡೆ ಬಾಗಿಸಿದರು. ಸೊಸೆ ಆಶ್ಚರ್ಯದಿಂದ ನೋಡಿದಾಗ, ಬೆಕ್ಕು ನಜಸ್ ಅಲ್ಲ, ಅದು ನಿಮ್ಮ ನಡುವೆ ಓಡಾಡುವ ಜೀವಿ ಎಂದು ಪ್ರವಾದಿಯವರು ಹೇಳಿದ್ದನ್ನು ತಿಳಿಸಿದರು. ಇದು ಅಬೂ ದಾವೂದಿನಲ್ಲಿ ಬಂದಿದೆ. ನಮ್ಮ ಶಾಫಿಈ ಮದ್‌ಹಬಿನಲ್ಲಿ ಬೆಕ್ಕು ಬಾಯಿ ಹಾಕಿದ ನೀರು ಶುದ್ಧವೇ. ಇಲ್ಲಿ ರಾಯಚೂರಿನಲ್ಲಿ ಹೆಚ್ಚಿನವರು ಹನಫಿಗಳು. ಅವರಲ್ಲಿ ಬೇರೆ ನೀರು ಇದ್ದರೆ ಅದನ್ನು ಬಳಸುವುದು ಉತ್ತಮ ಎಂದಿದೆ. ಬಟ್ಟೆಗೆ ಅಂಟಿದ ಕೂದಲಿನ ವಿಷಯದಲ್ಲಿ ನಮ್ಮ ಮದ್‌ಹಬು ಸ್ವಲ್ಪ ಬಿಗಿ, ಆದರೂ ಅಲ್ಪಸ್ವಲ್ಪಕ್ಕೆ ವಿನಾಯಿತಿ ಉಂಟು. ನಮಾಝಿನ ಬಟ್ಟೆಯನ್ನು ಬೇರೆ ಕಪಾಟಿನಲ್ಲಿ ಇಟ್ಟರೆ ಪ್ರಶ್ನೆಯೇ ಇಲ್ಲ. ಮಲಮೂತ್ರ ಮಾತ್ರ ನಜಸ್, ತೊಳೆಯಬೇಕು. ಸಂಶಯ ಇದ್ದವರು ತಮ್ಮ ಖತೀಬರಲ್ಲಿ ಕೇಳಲಿ.

ಬೆಕ್ಕನ್ನು ಕಟ್ಟಿಹಾಕಿ, ತಿನ್ನಲು ಕೊಡದೆ, ಬಿಟ್ಟೂ ಕೊಡದೆ ಸಾಯಿಸಿದ ಹೆಂಗಸಿನ ಶಿಕ್ಷೆಯ ಹದೀಸನ್ನು ಮದ್ರಸದ ಮಕ್ಕಳೂ ಬಲ್ಲರು. ಮಲಗಿದ ಬೆಕ್ಕಿಗಾಗಿ ತೋಳಿನ ಬಟ್ಟೆ ಕತ್ತರಿಸಿದ ಕತೆಯನ್ನೂ ಹಲವರು ಹೇಳುತ್ತಾರೆ. ಅದಕ್ಕೆ ಹದೀಸ್ ಗ್ರಂಥಗಳಲ್ಲಿ ಆಧಾರ ಇಲ್ಲ. ಇರುವ ಹದೀಸೇ ಸಾಕಷ್ಟು ಭಾರ ಉಂಟು. 13ನೇ ಶತಮಾನದಲ್ಲಿ ಈಜಿಪ್ಟನ್ನು ಆಳಿದ ಸುಲ್ತಾನ್ ಬೈಬರ್ಸ್ ಕೈರೋದ ಬೀದಿ ಬೆಕ್ಕುಗಳ ಊಟಕ್ಕೆಂದು ಒಂದು ತೋಟವನ್ನೇ ಬಿಟ್ಟುಕೊಟ್ಟಿದ್ದ. 19ನೇ ಶತಮಾನದಲ್ಲಿ ಅಲ್ಲಿದ್ದ ಲೇನ್ ಎಂಬ ಇಂಗ್ಲಿಷ್ ಲೇಖಕ, ತೋಟ ಕೈಬದಲಾದ ಮೇಲೂ ಖಾಝಿಯ ಮನೆಯಂಗಳದಲ್ಲಿ ದಿನಾ ಅಸರಿನ ಹೊತ್ತಿಗೆ ಬೆಕ್ಕುಗಳಿಗೆ ಊಟ ಹಾಕುತ್ತಿದ್ದುದನ್ನು ಬರೆದಿದ್ದಾನೆ.

ಸಂತಾನಹರಣ ಚಿಕಿತ್ಸೆಯ ಬಗ್ಗೆಯೂ ಕೇಳುತ್ತಾರೆ. ಪ್ರಯೋಜನ ಇದ್ದರೆ ಹನಫಿ ಗ್ರಂಥಗಳಲ್ಲಿ ಅನುಮತಿ ಇದೆ. ಶಾಫಿಈ ಗ್ರಂಥಗಳಲ್ಲಿ ತಿನ್ನದ ಪ್ರಾಣಿಗಳಿಗೆ ಅದು ಬೇಡ ಎಂದಿದೆ. ಬೀದಿಯಲ್ಲಿ ಹಸಿದು ಸಾಯುವ ಮರಿಗಳನ್ನು ಕಂಡು ಈ ಕಾಲದ ಕೆಲವು ವಿದ್ವಾಂಸರು, ಪ್ರಾಣಿಗೆ ಹಾನಿಯಾಗದ ರೀತಿಯಲ್ಲಿ ಮಾಡಿಸಬಹುದು ಎಂದಿದ್ದಾರೆ. ತಿಳಿದವರಲ್ಲಿ ಕೇಳಿ ನಿರ್ಧರಿಸಿ. ಆದರೆ ಏನೂ ಮಾಡಿಸದೆ, ಮರಿಗಳಾದ ಮೇಲೆ ಗೋಣಿ ಹುಡುಕುವುದಕ್ಕೆ ಯಾವ ಮದ್‌ಹಬಿನಲ್ಲೂ ಅನುಮತಿ ಇಲ್ಲ.

ಕರೆತರುವ ಮುನ್ನ

ಎಲ್ಲ ಮನೆಯೂ ಎಲ್ಲ ಬೆಕ್ಕಿಗೆ ಸರಿಯಲ್ಲ. ಮಾನ್ವಿಯ ಮನೆಯವರು ಕೆಟ್ಟವರಲ್ಲ. ಅದೇ ಮನೆಗೆ ಒಂದು ತುಂಟ ಮರಿ ಬಂದಿದ್ದರೆ ಏಳು ಮಕ್ಕಳ ಕಣ್ಮಣಿ ಆಗುತ್ತಿತ್ತು. ಸಣ್ಣ ಮಕ್ಕಳು, ಬರುವ ಹೋಗುವ ಜನ ಜಾಸ್ತಿ ಇರುವ ಮನೆಗೆ ಧೈರ್ಯದ ಬೆಕ್ಕು ಬೇಕು. ಮಕ್ಕಳೆಲ್ಲ ದೂರ ಹೋಗಿ ಗಂಡಹೆಂಡತಿ ಇಬ್ಬರೇ ಇರುವ ಮನೆ, ಒಬ್ಬರೇ ಇರುವ ಉಮ್ಮಂದಿರ ಮನೆ, ಇಂಥ ಕಡೆಗಳಲ್ಲಿ ಹೆದರುವ ದೊಡ್ಡ ಬೆಕ್ಕು ಚೆನ್ನಾಗಿ ಬದುಕುತ್ತದೆ. ಜನ ಮಾತ್ರ ಮರಿಯನ್ನೇ ಕೇಳುತ್ತಾರೆ, ಅದರಲ್ಲೂ ಕಪ್ಪು ಇರಬಾರದು ಎನ್ನುತ್ತಾರೆ. ಬೆಕ್ಕು ಅಡ್ಡ ಬಂದರೆ ಕೆಟ್ಟದಾಗುತ್ತದೆ ಎಂಬ ಮಾತಿಗೆ ನಮ್ಮ ದೀನಿನಲ್ಲಿ ಜಾಗ ಇಲ್ಲ.

ಊರಿನ ಓದುಗರಿಗೆ ಮಂಗಳೂರಿನ ಶಕ್ತಿನಗರದಲ್ಲಿ ಎನಿಮಲ್ ಕೇರ್ ಟ್ರಸ್ಟ್ ಉಂಟು. ನಮ್ಮ ರಾಯಚೂರಿನಲ್ಲೂ ಒಂದು ಶಕ್ತಿನಗರ ಉಂಟು, ಆದರೆ ಅಲ್ಲಿರುವುದು ಕರೆಂಟು ತಯಾರಿಸುವ ಸ್ಥಾವರ! ಬೆಂಗಳೂರಿನಲ್ಲಿ 1991ರಲ್ಲಿ ಶುರುವಾದ ಕ್ಯುಪಾ ಸಂಸ್ಥೆ ಇದೆ. ಇಂಥ ಕಡೆಯಿಂದ ಬೆಕ್ಕು ತರುವಾಗ ಮನೆಯ ವಿಷಯ ಕೇಳಿದರೆ ಬೇಸರ ಮಾಡಬೇಡಿ. ಹೆಣ್ಣು ಕೇಳಲು ಬಂದವರನ್ನು ನಾವೂ ವಿಚಾರಿಸುತ್ತೇವಲ್ಲ. ನೀವೂ ಕೇಳಿ: ಮೊದಲು ಎಲ್ಲಿತ್ತು, ಏನು ತಿನ್ನುತ್ತದೆ, ಯಾವುದಕ್ಕೆ ಹೆದರುತ್ತದೆ, ಯಾವ ಭಾಷೆ ಕೇಳಿ ಬೆಳೆದಿದೆ. ಹಳೆಯ ಮನೆಯ ಒಂದು ಬಟ್ಟೆ ಸಿಕ್ಕಿದರೆ ಕೇಳಿ ತನ್ನಿ.

ತಂದ ಮೇಲೆ ತಾಲೂಕು ಪಶು ಆಸ್ಪತ್ರೆಗೆ ಹೋಗಿ ಹುಳದ ಮದ್ದು, ರೇಬಿಸ್ ಲಸಿಕೆ, ಬೆಕ್ಕುಗಳಿಗೆ ಹರಡುವ ರೋಗಗಳ ಲಸಿಕೆಯ ಬಗ್ಗೆ ಕೇಳಿ. ಪಶುಪಾಲನಾ ಇಲಾಖೆಯ ಸಂಚಾರಿ ಚಿಕಿತ್ಸೆಯ ಫೋನ್ ಸಂಖ್ಯೆ 1962. ಮನೆಯಲ್ಲಿ ಗರ್ಭಿಣಿಯರು ಇದ್ದರೆ ಬೆಕ್ಕನ್ನು ಓಡಿಸಬೇಕಾಗಿಲ್ಲ. ಮರಳಿನ ಬುಟ್ಟಿಯನ್ನು ಬೇರೆಯವರು ದಿನಾ ಸ್ವಚ್ಛ ಮಾಡಬೇಕು, ಅವರು ಮುಟ್ಟಬಾರದು, ಅಷ್ಟೆ. ಬೆಕ್ಕಿನ ಮಲದಿಂದ ಹರಡುವ ಒಂದು ಸೋಂಕು ಹೊಟ್ಟೆಯ ಮಗುವಿಗೆ ತೊಂದರೆ ಮಾಡಬಹುದು.

ಬೀಗ ಹಾಕುವ ಮುನ್ನ

ಕೊನೆಗೆ ಒಂದು ಮಾತು, ಮುಖ್ಯವಾಗಿ ಗಲ್ಫಿನ ಮನೆಗಳಿಗೆ. ನಮ್ಮ ಊರುಗಳಲ್ಲಿ ಮನೆಗೆ ಬೀಗ ಹಾಕಿ ಹೋಗುವವರು ಬಹಳ. ಹಳೆಯ ಮನೆ ಬಿಟ್ಟು ಫ್ಲ್ಯಾಟಿಗೆ ಹೋಗುವವರೂ ಬಹಳ. ಫ್ರಿಜ್ ಯಾರಿಗೆ, ಬೈಕ್ ಯಾರಿಗೆ, ಹೂಕುಂಡ ಯಾರಿಗೆ ಎಂದು ಮೊದಲೇ ಮಾತಾಗಿರುತ್ತದೆ. ಅಂಗಳದ ಬೆಕ್ಕಿನ ಮಾತು ಯಾರೂ ಎತ್ತುವುದಿಲ್ಲ. ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲೂ ಅಪರಾಧ. ಕಾಯ್ದೆಯ ಮಾತು ಇರಲಿ, ಹೋಗುವ ತಿಂಗಳು ಮೊದಲೇ ಒಂದು ಮನೆ ನೋಡಿ. ಆ ಮನೆಯವರು ಎರಡು ಮೂರು ಸಲ ಬಂದು ಕೈಯಾರೆ ಊಟ ಹಾಕಲಿ, ಬೆಕ್ಕಿಗೆ ಅವರ ಗುರುತಾಗಲಿ. ಆಮೇಲೆ ಒಂದು ಹಳೆಯ ಬಟ್ಟೆಯ ಜೊತೆ ಕಳಿಸಿಕೊಡಿ. ವಯಸ್ಸಾದವರು ಒಂಟಿಯಾಗಿ ಬೆಕ್ಕು ಸಾಕುತ್ತಿದ್ದರೆ, ಅವರ ನಂತರ ಯಾರು ಎಂದು ಮಕ್ಕಳು ಒಂದು ಮಾತು ಕೇಳಿ ಇಟ್ಟುಕೊಳ್ಳಿ. ಖಾಲಾ ಅವರಿಗೂ ಆ ಚಿಂತೆ ಇದ್ದಿರಬೇಕು.

'ಮುಟ್ಟಲಿಕ್ಕೂ ಸಿಗದ ಬೆಕ್ಕಿನಿಂದ ಏನು ಲಾಭ?' ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ. ಲಾಭಕ್ಕೆಂದು ತಂದದ್ದಲ್ಲ. ಚೀಲಕ್ಕೆ ಹೋಗಬೇಕಾಗಿದ್ದ ಒಂದು ಜೀವ ನಮ್ಮ ಮಂಚದ ಕೆಳಗೆ ಉಂಟು. ಅತಿಥಿಗಳು ಹೋದ ಮೇಲೆ ಅದು ಹೊರಗೆ ಬರುತ್ತದೆ, ಬಾಗಿಲವರೆಗೆ ಹೋಗಿ ಎಲ್ಲರೂ ಹೋದರಾ ಎಂದು ನೋಡುತ್ತದೆ, ಮತ್ತೆ ಕೌದಿಯ ಮೇಲೆ ಬಂದು ಮಲಗುತ್ತದೆ. ಗಡಿಯಾರದ ಶಬ್ದ ನಮಗೆ ಈಗ ಅಷ್ಟಾಗಿ ಕೇಳುವುದಿಲ್ಲ.